ಕಟ್ಟಿದವರು ಮತ್ತು ಕಾಯುವವರು

ಕುಂದಗೋಳ ತಾಲೂಕಿನ ಗುಡಗೇರಿ ಹೆಚ್ಚಿನವರಿಗೆ ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗದ ಒಂದು ಸಣ್ಣ ನಿಲ್ದಾಣ. ಶಾಸನ ಓದುವವರಿಗೆ ಮಾತ್ರ ಈ ಊರು ಬೇರೆಯೇ ಕಾರಣಕ್ಕೆ ಪರಿಚಿತ. ಇಲ್ಲಿಯ ಜೈನ ಶಾಸನವೊಂದು ಶಕ 998ರದು, ಅಂದರೆ ಕ್ರಿ.ಶ. 1076ರ ಸುಮಾರಿನದು. ಅದನ್ನು ಫ್ಲೀಟ್ ಸಾಹೇಬರು ಓದಿ ಪ್ರಕಟಿಸಿದರು. ಬಾದಾಮಿ ಚಾಲುಕ್ಯರ ಅರಸ ವಿಜಯಾದಿತ್ಯನ ತಂಗಿ ಕುಂಕುಮ ಮಹಾದೇವಿ ಪುಲಿಗೆರೆಯಲ್ಲಿ, ಎಂದರೆ ಇಂದಿನ ಲಕ್ಷ್ಮೇಶ್ವರದಲ್ಲಿ, ಆನೆಸೆಜ್ಜೆಯ ಬಸದಿಯನ್ನು ಕಟ್ಟಿಸಿದ್ದಳು. ಆ ಬಸದಿಗೆ ಸೇರಿದ ಭೂಮಿ ಗುಡಗೇರಿಯಲ್ಲಿತ್ತು. ಶ್ರೀನಂದಿ ಪಂಡಿತನೆಂಬವನು ಹಳೆಯ ತಾಮ್ರಪಟದ ಆಧಾರದ ಮೇಲೆ ಆ ಭೂಮಿಯ ಹಕ್ಕನ್ನು ಪಡೆದ ಸಂಗತಿಯನ್ನು ಶಾಸನ ಹೇಳುತ್ತದೆ.

ಕಟ್ಟಿಸಿದ್ದು 8ನೆಯ ಶತಮಾನದ ಆರಂಭದಲ್ಲಿ, ಲೆಕ್ಕ ಕೇಳಿದ್ದು 11ನೆಯ ಶತಮಾನದಲ್ಲಿ. ನಡುವೆ ಮುನ್ನೂರು ವರ್ಷಕ್ಕೂ ಮಿಕ್ಕಿದ ಕಾಲ. ಬಸದಿ ನಿಂತದ್ದು ಕಲ್ಲಿನ ಬಲದಿಂದಷ್ಟೇ ಅಲ್ಲ, ಅದರ ಹೊಲದ ದಾಖಲೆಯನ್ನು ಯಾರೋ ಜೋಪಾನ ಮಾಡಿದ್ದರಿಂದ ಕೂಡ. ಕೆರೆಗಳ ವಿಷಯದಲ್ಲಿಯೂ ನಮ್ಮ ಹಿರಿಯರು ಹೀಗೆಯೇ ಯೋಚಿಸಿದ್ದರು. ಕೆರೆ ಕಟ್ಟಿಸಿದವನ ಹೆಸರನ್ನು ಕಲ್ಲಿನಲ್ಲಿ ಕೊರೆಸುವಾಗಲೇ ಅದರ ದುರಸ್ತಿಗೆಂದು ಬಿತ್ತುವಟ್ಟ, ಕೆರೆಗೊಡಗೆ ಎಂದು ಭೂಮಿಯನ್ನೋ ಉತ್ಪನ್ನದ ಪಾಲನ್ನೋ ಬಿಡುತ್ತಿದ್ದರು. ಹೂಳು ಪ್ರತಿ ಮಳೆಗಾಲಕ್ಕೂ ಬರುವಂಥದು ಎಂಬುದು ಅವರಿಗೆ ಗೊತ್ತಿತ್ತು.

ಈ ಹಳೆಯ ಸಂಗತಿಯನ್ನು ಹೇಳಿದ್ದು ಹೊಸದೊಂದು ಕೆರೆಯ ವಿಷಯ ಹೇಳಲಿಕ್ಕೆ. ಅದು ಮುಕ್ತ ತಂತ್ರಾಂಶ. ಗಣಕಯಂತ್ರಕ್ಕೆ ಹೀಗೆ ಮಾಡು, ಹಾಗೆ ಮಾಡು ಎಂದು ಬರೆದುಕೊಟ್ಟ ಆದೇಶಗಳ ಕಟ್ಟೇ ತಂತ್ರಾಂಶ. ಬಹಳಷ್ಟು ಕಂಪನಿಗಳು ಆ ಬರಹವನ್ನು ಗುಟ್ಟಾಗಿಟ್ಟು, ಅದರಿಂದಾದ ಸರಕನ್ನು ಮಾತ್ರ ಮಾರುತ್ತವೆ. ನವಲಗುಂದದ ಜಮಖಾನೆ ನೇಯುವ ಮನೆತನಗಳು, ಕಸುಬು ಬೇರೆ ಮನೆಗೆ ಹೋದೀತೆಂದು, ಹೆಣ್ಣುಮಕ್ಕಳಿಗೆ ಕಲಿಸದೆ ಸೊಸೆಯಂದಿರಿಗೆ ಕಲಿಸುತ್ತಿದ್ದವು ಎಂದು ಹೇಳುತ್ತಾರಲ್ಲ, ಇದೂ ಹೆಚ್ಚು ಕಡಿಮೆ ಅಂಥ ಲೆಕ್ಕಾಚಾರವೇ. ಮುಕ್ತ ತಂತ್ರಾಂಶದಲ್ಲಿ ಇದಕ್ಕೆ ವಿರುದ್ಧವಾದ ನಡೆ. ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಸಾರಿದ್ದು, 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಹೊರಗಿಟ್ಟಿದ್ದು ಇದರ ಎರಡು ಮೈಲಿಗಲ್ಲುಗಳು. ಇಂದು ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸೇ.

ಕನ್ನಡದ ಮಟ್ಟಿಗೆ ಇದು ದೂರದ ಮಾತಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ನುಡಿ ತಂತ್ರಾಂಶದ ಆಧಾರ. ಸರ್ಕಾರ ಒಪ್ಪಿಕೊಂಡದ್ದೂ ಅದನ್ನೇ. ಅದೇ ವಿನ್ಯಾಸ ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸ್ ವ್ಯವಸ್ಥೆಗಳ ಕೀಲಿಮಣೆಗಳ ಪಟ್ಟಿಯಲ್ಲಿದೆ. ಇನ್ನು ಒತ್ತಕ್ಷರ. ‘ಸ್ತ್ರೀ’ ಎಂಬ ಒಂದು ಅಕ್ಷರದಲ್ಲಿ ಸಕಾರ, ತಕಾರ, ರಕಾರ, ದೀರ್ಘ ಇಷ್ಟೂ ಇವೆ. ಯಂತ್ರ ಅವನ್ನು ಒಂದರ ಹಿಂದೊಂದು ಸಾಲಾಗಿ ಇಟ್ಟುಕೊಂಡಿರುತ್ತದೆ. ಪರದೆಯ ಮೇಲೆ ಯಾವುದು ಕೆಳಗೆ, ಯಾವುದು ಪಕ್ಕಕ್ಕೆ ಎಂದು ಜೋಡಿಸಲು ಬೇರೆಯೇ ಒಂದು ತಂತ್ರಾಂಶ ಬೇಕು. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಇವೆಲ್ಲ ಆ ಕೆಲಸಕ್ಕೆ ನಂಬಿರುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು. (ಹೆಸರು ಪಾರಸಿಯದು, ಇದರ ಮುಖ್ಯ ಕರ್ತೃ ಬೆಹ್ದಾದ್ ಎಸ್ಫಾಬೋದ್ ಇರಾನ್ ಮೂಲದವರು.) ಗುಡಗೇರಿಯಲ್ಲಿ ಕೂತು ಯಾರೋ ಮಗಳಿಗೆ ಕನ್ನಡದಲ್ಲಿ ಒಂದು ಸಾಲು ಕಳಿಸಿದಾಗ, ಆ ಸಾಲಿನ ಒತ್ತುಗಳು ತಮ್ಮ ತಮ್ಮ ಜಾಗದಲ್ಲಿ ಕೂರುವುದು ಇಂಥವರ ದುಡಿಮೆಯಿಂದ.

ಇಂಥ ಕೆರೆಗೆ ಹೂಳು ತುಂಬುತ್ತಿದೆಯೋ ಇಲ್ಲವೋ ಎಂದು ವರ್ಷಕ್ಕೊಮ್ಮೆ ನೋಡುವುದು ಹೇಗೆ? ಈಚೆಗೆ ಅನೇಕ ಬಳಗಗಳು ವರ್ಷದ ಕೊನೆಗೆ ತಮ್ಮ ಆರೋಗ್ಯದ ಲೆಕ್ಕ ಒಪ್ಪಿಸುವ ರೂಢಿ ಮಾಡಿಕೊಂಡಿವೆ. ಈ ಲೆಕ್ಕಕ್ಕೆ ಅಳತೆಗೋಲುಗಳನ್ನು ರೂಪಿಸಲೆಂದೇ 2017ರಲ್ಲಿ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ ಕೇಯಾಸ್ ಎಂಬ ಯೋಜನೆ ಹುಟ್ಟಿತು. ಎಷ್ಟು ಜನ ಇಳಿಸಿಕೊಂಡರು ಎಂಬ ಸಂಖ್ಯೆ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಆದರೆ ಹೆಚ್ಚೇನೂ ಹೇಳುವುದಿಲ್ಲ. ಕುಂದಗೋಳದ ಉದಾಹರಣೆಯನ್ನೇ ನೋಡಿ. ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತೋತ್ಸವಕ್ಕೆ ನಾಡಿಗೇರ ವಾಡೆಯಲ್ಲಿ ಎಷ್ಟು ಜನ ಕೂತು ಕೇಳಿದರು ಎಂಬುದು ಒಂದು ಲೆಕ್ಕ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಫಿರೋಜ್ ದಸ್ತೂರ್ ಅವರಂಥ ಶಿಷ್ಯರು ಬಂದರೇ ಎಂಬುದು ಇನ್ನೊಂದು ಲೆಕ್ಕ. ಘರಾಣೆ ಉಳಿದದ್ದು ಎರಡನೆಯದರಿಂದ.

ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಬೇರೆ. ಈ ವರ್ಷ ಹೊಸದಾಗಿ ಕೈಹಚ್ಚಿದವರೆಷ್ಟು? ಅವರಲ್ಲಿ ಎರಡನೆಯ ಸಲ ಬಂದವರೆಷ್ಟು? ಹೊಸಬನೊಬ್ಬ ಒಂದು ತಿದ್ದುಪಡಿ ಕಳಿಸಿದರೆ ಉತ್ತರಕ್ಕೆ ಎಷ್ಟು ದಿನ ಕಾಯಬೇಕು? ಎಲ್ಲಕ್ಕಿಂತ ಮುಖ್ಯವಾದದ್ದು, ಎಷ್ಟು ಜನ ಒಮ್ಮೆಲೇ ಬಿಟ್ಟುಹೋದರೆ ಕೆಲಸ ನಿಂತುಬಿಡುತ್ತದೆ ಎಂಬುದು. ಇದನ್ನು ಅವರ ಪರಿಭಾಷೆಯಲ್ಲಿ ‘ಬಸ್ ಫ್ಯಾಕ್ಟರ್’ ಎನ್ನುತ್ತಾರೆ. ಎಷ್ಟು ಜನ ಬಸ್ಸಿನಡಿ ಸಿಕ್ಕರೆ ಕಥೆ ಮುಗಿಯಿತು ಎಂಬ ಅಮಂಗಳ ಲೆಕ್ಕ ಅದು. ‘ಹೆಗಲುಗಳ ಸಂಖ್ಯೆ’ ಎಂದರೆ ನಮ್ಮ ಕಿವಿಗೆ ಹಿತವಾದೀತು. ಬಹಳಷ್ಟು ತಂತ್ರಾಂಶಗಳಲ್ಲಿ ಈ ಸಂಖ್ಯೆ ಒಂದು, ಹೆಚ್ಚೆಂದರೆ ಎರಡು.

ಒಂದೇ ಹೆಗಲಾದರೆ ಏನಾಗುತ್ತದೆ ಎಂಬುದನ್ನು ಜಗತ್ತು ಎರಡು ಸಲ ಚೆನ್ನಾಗಿ ಕಂಡಿತು. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ಬಿರುಕು ಬಯಲಾಯಿತು. ಬ್ಯಾಂಕು, ಅಂಗಡಿ, ಅಂಚೆ ಎಲ್ಲದರ ಗುಪ್ತ ಮಾತುಕತೆಗೆ ಬೀಗ ಹಾಕುವ ತಂತ್ರಾಂಶ ಅದು. ಬಿರುಕು ಎರಡು ವರ್ಷದಿಂದ ಅಲ್ಲಿಯೇ ಇತ್ತು. ವಿಚಾರಿಸಿದಾಗ ತಿಳಿದದ್ದೇನೆಂದರೆ, ಅದಕ್ಕೆ ಪೂರ್ಣಕಾಲ ದುಡಿಯುವವರು ಒಬ್ಬರೇ ಇದ್ದರು, ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2000 ಡಾಲರ್.

ಎರಡನೆಯದು ಇನ್ನೂ ಕಳವಳಕಾರಿ. ಕಡತಗಳನ್ನು ಒತ್ತಿ ಚಿಕ್ಕದು ಮಾಡುವ ಎಕ್ಸ್‌ಜೆಡ್ ಎಂಬ ಸಣ್ಣ ತಂತ್ರಾಂಶವನ್ನು ಫಿನ್‌ಲೆಂಡಿನ ಲಾಸ್ಸೆ ಕೊಲಿನ್ ಎಂಬವರು ಸಂಬಳವಿಲ್ಲದೆ ನೋಡಿಕೊಂಡು ಬಂದಿದ್ದರು. 2022ರಲ್ಲಿ ಕೆಲವು ಅಪರಿಚಿತ ಹೆಸರುಗಳು ‘ಕೆಲಸ ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ’ ಎಂದು ಅವರನ್ನು ಕಾಡತೊಡಗಿದವು. ತಮ್ಮ ಮನಸ್ಸಿನ ಆರೋಗ್ಯ ಬಹುಕಾಲದಿಂದ ಸರಿಯಿಲ್ಲವೆಂದೂ, ಇದು ಹಣವಿಲ್ಲದ ಹವ್ಯಾಸವೆಂದೂ ಅವರು ಹೇಳಿಕೊಂಡರು. ಅಷ್ಟರಲ್ಲಿ ‘ಜಿಯಾ ತಾನ್’ ಎಂಬ ಹೆಸರಿನಲ್ಲಿ ಸಹಾಯಕ್ಕೆ ಬಂದಿದ್ದವರ ಕೈಗೆ ಕ್ರಮೇಣ ಅಧಿಕಾರ ಹೋಯಿತು. 2024ರ ಮಾರ್ಚ್ ಕೊನೆಯಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಇಂಜಿನಿಯರು, ತಮ್ಮ ಯಂತ್ರದಲ್ಲಿ ಪ್ರವೇಶಕ್ಕೆ ಅರ್ಧ ಸೆಕೆಂಡು ಹೆಚ್ಚು ತಗಲುತ್ತಿದೆಯಲ್ಲ ಎಂದು ಕೆದಕಿ ನೋಡಿದರೆ, ಹೊಸ ಆವೃತ್ತಿಯೊಳಗೆ ಕಳ್ಳಬಾಗಿಲೊಂದು ಇತ್ತು! ಅದು ಎಲ್ಲ ಕಡೆ ಹರಡುವ ಮೊದಲೇ ಸಿಕ್ಕಿದ್ದು ಪುಣ್ಯ. ಜಿಯಾ ತಾನ್ ಯಾರೆಂಬುದು ಹೊರಬಿದ್ದಿಲ್ಲ. ನನಗೆ ಇದರಲ್ಲಿ ಭಯ ಹುಟ್ಟಿಸುವುದು ಕಳ್ಳನ ಜಾಣ್ಮೆಯಲ್ಲ. ದಣಿದಿದ್ದೇನೆ ಎಂದು ಒಬ್ಬರು ಬಹಿರಂಗವಾಗಿ ಹೇಳಿದಾಗ ನೆರವಿಗೆಂದು ಹತ್ತಿರ ಇದ್ದವನು ಕಳ್ಳನೊಬ್ಬನೇ ಎಂಬ ಸಂಗತಿ.

ಇದಕ್ಕೆ ಬೇರೆ ದಾರಿ ಹುಡುಕಿದವರೂ ಇದ್ದಾರೆ. 1993ರಲ್ಲಿ ಆರಂಭವಾದ ಡೆಬಿಯನ್ ಬಳಗ ವರ್ಷಕ್ಕೊಮ್ಮೆ ತನ್ನ ಮುಂದಾಳುವನ್ನು ಮತ ಹಾಕಿ ಆರಿಸಿಕೊಳ್ಳುತ್ತದೆ. 2019ರಲ್ಲಿ ನಾಮಪತ್ರದ ಅವಧಿ ಮುಗಿದರೂ ಒಬ್ಬರೂ ಮುಂದೆ ಬರಲಿಲ್ಲ. ಒಂದು ವಾರ ಮುಂದೂಡಬೇಕಾಯಿತು. ನಮ್ಮೂರ ಪಂಚಾಯಿತಿ ಚುನಾವಣೆಯಲ್ಲಿ ಕೇಳರಿಯದ ಸಮಸ್ಯೆ! ಆದರೆ ಕುರ್ಚಿ ಖಾಲಿ ಇದೆ ಎಂಬುದು ಎಲ್ಲರಿಗೂ ಗೊತ್ತಾಯಿತು, ಆಮೇಲೆ ಅಭ್ಯರ್ಥಿಗಳೂ ಬಂದರು. ವರ್ಷಕ್ಕೊಮ್ಮೆ ಕೇಳುವ ಕಟ್ಟಳೆ ಇರದಿದ್ದರೆ ಆ ದಣಿವು ಕಾಣುತ್ತಲೇ ಇರಲಿಲ್ಲ.

ಬೆಂಗಳೂರಿನಲ್ಲಿ 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ವಾರ್ಷಿಕ ಸಮ್ಮೇಳನ ಶುರುವಾಯಿತು. ಅತುಲ್ ಚಿಟ್ನಿಸ್ ಮತ್ತು ಅವರ ಗೆಳೆಯರು ನಡೆಸಿದ ಈ ಸಮ್ಮೇಳನ 2005ರಿಂದ ‘ಫಾಸ್ ಡಾಟ್ ಇನ್’ ಎಂಬ ಹೆಸರು ಪಡೆಯಿತು. ಜನ ತುಂಬಿ ತುಳುಕುತ್ತಿದ್ದರೂ, ಕೇಳಿ ಹೋಗುವವರು ಸಾಕು, ಕೂತು ಕೆಲಸ ಮಾಡುವವರು ಬೇಕು ಎಂದು ಅವರು ಬರಬರುತ್ತ ಸಭೆಯ ಸ್ವರೂಪವನ್ನೇ ಬದಲಿಸಿದರು. ದಿಟ್ಟ ನಿರ್ಧಾರವೇ ಸರಿ. 2012ರ ಸಮ್ಮೇಳನವೇ ಕೊನೆಯದಾಯಿತು. ಮರುವರ್ಷ ಚಿಟ್ನಿಸ್ ತೀರಿಕೊಂಡರು. ಇದನ್ನು ಸೋಲು ಎನ್ನಲು ನಾನು ಸಿದ್ಧನಿಲ್ಲ. ಅಲ್ಲಿ ಕಲಿತ ತರುಣರು ಬೇರೆ ಬೇರೆ ಬಳಗಗಳಲ್ಲಿ ಹರಡಿಕೊಂಡರು. ಹಣದ ಮಟ್ಟಿಗೂ ಒಂದು ಹೊಸ ಸುದ್ದಿಯಿದೆ. 2024ರಲ್ಲಿ ಬೆಂಗಳೂರಿನ ಜೆರೋಧಾ ಕಂಪನಿ ಮುಕ್ತ ತಂತ್ರಾಂಶಗಳ ನಿರ್ವಹಣೆಗೆಂದು ವರ್ಷಕ್ಕೆ 10 ಲಕ್ಷ ಡಾಲರ್‌ಗಳ ನಿಧಿಯನ್ನು ಘೋಷಿಸಿತು. ಹಳೆಯ ಕೆರೆಗೊಡಗೆಯೇ ಹೊಸ ವೇಷದಲ್ಲಿ ಬಂದಂತೆ.

ಕನ್ನಡದ ಕೆಲಸದಲ್ಲಿ ಹೂಳಿನ ಬಗೆ ಇನ್ನೊಂದು. ಗ್ನೋಮ್, ಕೆಡಿಇ, ಲಿಬ್ರೆಆಫೀಸ್‌ಗಳಲ್ಲಿ ಪರದೆಯ ಮೇಲೆ ಕಾಣುವ ಸಾವಿರಾರು ವಾಕ್ಯಗಳನ್ನು ಕನ್ನಡಕ್ಕೆ ತರಬೇಕು. ಒಂದು ವರ್ಷ ಎಲ್ಲವೂ ಮುಗಿಯಿತೆಂದುಕೊಳ್ಳಿ. ಮುಂದಿನ ಆವೃತ್ತಿಯಲ್ಲಿ ನೂರಾರು ಹೊಸ ವಾಕ್ಯ ಸೇರುತ್ತವೆ, ಹಳೆಯವು ಬದಲಾಗುತ್ತವೆ. ಯಾರೂ ಮುಟ್ಟದಿದ್ದರೆ ನೂರಕ್ಕೆ ನೂರು ಇದ್ದದ್ದು ತನ್ನಷ್ಟಕ್ಕೆ ಇಳಿಯುತ್ತ ಹೋಗುತ್ತದೆ, ಪರದೆಯಲ್ಲಿ ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಕಾಣತೊಡಗುತ್ತದೆ. ಬೇಸತ್ತ ಬಳಕೆದಾರ ಪೂರ್ತಿ ಇಂಗ್ಲಿಷಿಗೆ ಹೊರಳುತ್ತಾನೆ. ಒಂದು ಕಾಲಕ್ಕೆ ರೆಡ್ ಹ್ಯಾಟ್ ಕಂಪನಿ ಭಾರತೀಯ ಭಾಷೆಗಳ ಈ ಕೆಲಸಕ್ಕೆ ಸಂಬಳದ ಜನರನ್ನು ಇಟ್ಟಿತ್ತು. ‘ಲೋಹಿತ್ ಕನ್ನಡ’ ಅಕ್ಷರಶೈಲಿ ಅದೇ ಕಂಪನಿಯಿಂದ ಬಂದದ್ದು. ಸಂಬಳದವರು ಇದ್ದಾಗ ಕೆಲಸ ನಡೆಯುತ್ತದೆ, ಕಂಪನಿಯ ಮನಸ್ಸು ಬೇರೆ ಕಡೆ ತಿರುಗಿದಾಗ ಉಳಿಯುವವರು ಬೆರಳೆಣಿಕೆಯ ಹವ್ಯಾಸಿಗಳು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಲೇಖನಗಳು ಮೂವತ್ತು ಸಾವಿರ ದಾಟಿವೆ ಎಂದು ನಾವು ಹೆಮ್ಮೆಪಡುತ್ತೇವೆ. ಆದರೆ ಅಲ್ಲಿ ಎಣಿಸಬೇಕಾದದ್ದು ತಿಂಗಳಿಗೆ ಕನಿಷ್ಠ ಐದು ತಿದ್ದುಪಡಿ ಮಾಡುವ ಸಕ್ರಿಯ ಸಂಪಾದಕರನ್ನು.

ಈ ಕೆಲಸಕ್ಕೆ ಇಂಜಿನಿಯರೇ ಆಗಬೇಕೆಂದಿಲ್ಲ. ಲಿಬ್ರೆಆಫೀಸ್‌ನ ಅನುವಾದವನ್ನು ಹೆಸರು ನೋಂದಾಯಿಸಿದ ಯಾರಾದರೂ ಒಂದೊಂದೇ ವಾಕ್ಯವಾಗಿ ಸೂಚಿಸಬಹುದು. ‘ಫೈಲ್’ಗೆ ಕಡತ, ‘ಸೇವ್’ಗೆ ಉಳಿಸು ಎಂಬವು ನಿಂತುಬಿಟ್ಟಿವೆ. ಯಾರೂ ಏನನ್ನೂ ಆರಿಸದಿದ್ದಾಗ ಇರುವ ಸ್ಥಿತಿಗೆ, ಅಂದರೆ ‘ಡಿಫಾಲ್ಟ್’ಗೆ, ಅನೇಕ ಕಡೆ ‘ಪೂರ್ವನಿಯೋಜಿತ’ ಎಂದು ಬಳಸಿದ್ದಾರೆ. ನನಗಂತೂ ಅದು ನಾಲಿಗೆಗೆ ಭಾರವೆನಿಸುತ್ತದೆ. ಹೊಲದಲ್ಲಿ, ಅಂಗಡಿಯಲ್ಲಿ, ಸಂತೆಯಲ್ಲಿ ಕನ್ನಡ ಆಡುವವರ ಬಾಯಲ್ಲಿ ಇದಕ್ಕಿಂತ ಹಗುರವಾದ ಮಾತು ಇರಲೇಬೇಕು; ಅದನ್ನು ಬರೆದು ಸೇರಿಸುವ ಜಾಗವಂತೂ ತೆರೆದೇ ಇದೆ.