ಮನಸ್ಸಿನ ಕಾಯಿಲೆಗೂ ಆರೋಗ್ಯ ವಿಮೆ: ನಮ್ಮ ಮನೆಗಳು ತಿಳಿದಿರಬೇಕಾದ ವಿಚಾರ

ಮನೆಯ ಯಜಮಾನರಿಗೆ ಎದೆನೋವು ಕಾಣಿಸಿಕೊಂಡರೆ ಬೀರುವಿನಲ್ಲಿಟ್ಟ ವಿಮೆಯ ಕಾಗದವನ್ನು ಹುಡುಕಿಕೊಂಡೇ ಮೈಸೂರಿಗೆ ಹೊರಡುತ್ತೇವೆ. ಅದೇ ಮನೆಯ ಸೊಸೆ ಹೆರಿಗೆಯಾದ ಮೂರು ತಿಂಗಳ ಮೇಲೂ ನಿದ್ರೆಯಿಲ್ಲದೆ, ಮಗುವನ್ನು ಎತ್ತಿಕೊಳ್ಳಲು ಮನಸ್ಸಿಲ್ಲದೆ ಗೋಡೆಗೆ ಒರಗಿ ಕುಳಿತಿದ್ದರೆ ಆ ಕಾಗದದ ನೆನಪು ಯಾರಿಗೂ ಬರುವುದಿಲ್ಲ. ಬಾಣಂತಿ ಸನ್ನಿ ಎನ್ನುತ್ತೇವೆ, ದೃಷ್ಟಿಯಾಗಿದೆ ಎನ್ನುತ್ತೇವೆ, ತವರಿಗೆ ಕಳುಹಿಸಿದರೆ ಸರಿಹೋದೀತು ಎನ್ನುತ್ತೇವೆ. ಹೊಗೆಸೊಪ್ಪಿನ ಬೆಲೆ ಕುಸಿದ ವರ್ಷ ಸಾಲದ ಚಿಂತೆಯಲ್ಲಿ ಮಾತು ಬಿಟ್ಟ ಮಗನ ವಿಷಯದಲ್ಲಿಯೂ ಹೀಗೆಯೇ. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಕಾನೂನು ನಮಗಿಂತ ಮುಂದೆ ಹೋಗಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ದೇಹದ ಕಾಯಿಲೆಗೆ ಯಾವ ನೆಲೆಯಲ್ಲಿ ವಿಮೆಯ ರಕ್ಷಣೆ ದೊರೆಯುವುದೋ ಅದೇ ನೆಲೆಯಲ್ಲಿ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ದೊರೆಯಬೇಕೆಂದು ಅದರ 21ನೆಯ ಕಲಮು ಹೇಳುತ್ತದೆ. ಅದೇ ವರ್ಷದ ಆಗಸ್ಟ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಎಲ್ಲ ಕಂಪನಿಗಳಿಗೂ ಇದನ್ನು ಪಾಲಿಸುವಂತೆ ಸೂಚಿಸಿತು. ಕೆಲವು ಕಂಪನಿಗಳು ಮೀನಮೇಷ ಎಣಿಸಿದ್ದರಿಂದ 2022ರಲ್ಲಿ ಮತ್ತೊಮ್ಮೆ ಸುತ್ತೋಲೆ ಹೊರಡಿಸಬೇಕಾಯಿತು. ಮನೋರೋಗದ ವೆಚ್ಚವನ್ನು ಹೊರಗಿಟ್ಟಿದ್ದ ಪಾಲಿಸಿಯೊಂದರ ಪ್ರಕರಣ ದೆಹಲಿ ಉಚ್ಚ ನ್ಯಾಯಾಲಯದವರೆಗೆ ಹೋಗಿ, 2021ರಲ್ಲಿ ತೀರ್ಪು ಪಾಲಿಸಿದಾರರ ಪರವಾಗಿ ಬಂದಿತು.

ಇಷ್ಟು ತಿಳಿದೊಡನೆ ಪಾಲಿಸಿ ಹಿಡಿದು ಆಪ್ತಸಲಹೆಗಾರರ ಬಾಗಿಲು ತಟ್ಟಿದರೆ ಮಾತ್ರ ನಿರಾಶೆ ಕಾದಿರುತ್ತದೆ. ನಾವು ಕೊಳ್ಳುವ ಸಾಮಾನ್ಯ ಆರೋಗ್ಯ ವಿಮೆ ಆಸ್ಪತ್ರೆಯಲ್ಲಿ ಕನಿಷ್ಠ 24 ಗಂಟೆ ಒಳರೋಗಿಯಾಗಿದ್ದವರ ವೆಚ್ಚಕ್ಕಾಗಿ ಇರುವಂಥದು. ಮನಸ್ಸಿನ ಚಿಕಿತ್ಸೆಯ ಹೆಚ್ಚಿನ ಪಾಲು ನಡೆಯುವುದೋ ವಾರಕ್ಕೊಮ್ಮೆ ಮುಕ್ಕಾಲು ಗಂಟೆ, ಕುರ್ಚಿಯ ಮೇಲೆ ಎದುರುಬದುರು ಕುಳಿತು, ಮಾತಿನಲ್ಲಿ. ಹೊರರೋಗಿ ವೆಚ್ಚದ ಹೆಚ್ಚುವರಿ ರಕ್ಷೆಯನ್ನು ಪ್ರತ್ಯೇಕವಾಗಿ ಕೊಂಡಿದ್ದರಷ್ಟೇ ಅದರ ಶುಲ್ಕ ಹಿಂದಿರುಗೀತು. ದೇಹಕ್ಕೂ ಮನಸ್ಸಿಗೂ ಸಮಾನ ನಿಯಮವೆಂದರೂ, ಹಾಸಿಗೆ ಹಿಡಿದ ಮೇಲೆಯೇ ಹಣ ಕೊಡುವ ನಿಯಮ ಮನಸ್ಸಿನ ವಿಷಯದಲ್ಲಿ ಅರ್ಧ ನ್ಯಾಯವೆಂದೇ ನನ್ನ ಭಾವನೆ.

ಇದರಲ್ಲಿಯೂ ಒಂದು ಸಣ್ಣ ದಾರಿಯಿದೆ. ಆಸ್ಪತ್ರೆಗೆ ಸೇರಿ ಮನೆಗೆ ಬಂದ ಮೇಲಿನ ವೆಚ್ಚವನ್ನೂ ಪಾಲಿಸಿಗಳು ಕೆಲವು ದಿನಗಳವರೆಗೆ ಭರಿಸುತ್ತವೆ. ಎಲ್ಲ ಕಂಪನಿಗಳೂ ಮಾರುವ ‘ಆರೋಗ್ಯ ಸಂಜೀವಿನಿ’ ಎಂಬ ಏಕರೂಪದ ಪಾಲಿಸಿಯಲ್ಲಿ ದಾಖಲಾತಿಗೆ ಮೊದಲಿನ 30 ದಿನ, ಬಿಡುಗಡೆಯ ನಂತರದ 60 ದಿನ ಎಂದಿದೆ. ಸೊಸೆಯನ್ನು ಹತ್ತು ದಿನ ಮನೋವೈದ್ಯರಲ್ಲಿ ಒಳರೋಗಿಯಾಗಿ ಇರಿಸಬೇಕಾಗಿ ಬಂದಿತೆನ್ನೋಣ. ಆಮೇಲಿನ ಎರಡು ತಿಂಗಳ ಮರುತಪಾಸಣೆಯ ಚೀಟಿ, ಔಷಧಿಯ ರಸೀದಿ, ವೈದ್ಯರೇ ಬರೆದುಕೊಟ್ಟ ಆಪ್ತಸಲಹೆಯ ರಸೀದಿ ಎಲ್ಲವನ್ನೂ ಒಂದು ಫೈಲಿನಲ್ಲಿ ಕೂಡಿಟ್ಟು ಸಲ್ಲಿಸಬೇಕು. ಬಿಡುಗಡೆ ಪತ್ರದಲ್ಲಿ ಕಾಯಿಲೆಯ ಹೆಸರು, ಮುಂದೆ ಬೇಕಾದ ಚಿಕಿತ್ಸೆ ಸ್ಪಷ್ಟವಾಗಿರಲಿ.

ಬೆಂಗಳೂರಿನ ಕಂಪನಿಗಳಲ್ಲಿ ಮಗನೋ ಮಗಳೋ ದುಡಿಯುತ್ತಿರುವ ಮನೆಗಳು ಇನ್ನೊಂದು ವಿಚಾರ ಕೇಳಬೇಕು. ಅಲ್ಲಿನ ಗುಂಪು ವಿಮೆಯಲ್ಲಿ ಎಷ್ಟೋ ಕಡೆ ತಂದೆತಾಯಿಯರೂ ಸೇರಿರುತ್ತಾರೆ. ನೌಕರರಿಗೂ ಕುಟುಂಬದವರಿಗೂ ದೂರವಾಣಿಯ ಮೂಲಕ ಕೆಲವು ಸಲ ಉಚಿತ ಆಪ್ತಸಲಹೆ ಕೊಡಿಸುವ ಏರ್ಪಾಡೂ ದೊಡ್ಡ ಕಂಪನಿಗಳಲ್ಲಿ ಉಂಟು. ಮಕ್ಕಳು ಅದನ್ನು ತಾವಾಗಿ ಹೇಳುವುದಿಲ್ಲ. ಹಬ್ಬಕ್ಕೆ ಊರಿಗೆ ಬಂದಾಗ ನಾವೇ ಕೇಳಬೇಕು.

ವಿಮೆಯೇ ಇಲ್ಲದವರಿಗೂ, ವಿಮೆಯಿದ್ದು ಮಾತಿನ ಚಿಕಿತ್ಸೆಗೆ ಅದು ಒದಗದವರಿಗೂ ಹತ್ತಿರದ ದಾರಿ ತಾಲ್ಲೂಕು ಆಸ್ಪತ್ರೆಯೇ. ಬಳ್ಳಾರಿ ಜಿಲ್ಲೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಕನ್ನಡ ನಾಡಿನ ಹಳ್ಳಿಗಳು ದೇಶಕ್ಕೆ ಕಲಿಸಿದ ಪಾಠವಿದು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಮನೋವೈದ್ಯರು, ಚಿಕಿತ್ಸಾ ಮನೋವಿಜ್ಞಾನಿ, ಸಮಾಜ ಕಾರ್ಯಕರ್ತರು, ದಾದಿಯರು ಇರಬೇಕಾದ ತಂಡ ಇದರದು. ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಬಂದು ರೋಗಿಗಳನ್ನು ನೋಡುವ ‘ಮನೋಚೈತನ್ಯ’ ಎಂಬ ಏರ್ಪಾಡನ್ನು ಕರ್ನಾಟಕ ಸರ್ಕಾರ ಮಾಡಿದೆ. ಹುಣಸೂರಾಗಲಿ, ಪಿರಿಯಾಪಟ್ಟಣವಾಗಲಿ, ಕೃಷ್ಣರಾಜನಗರವಾಗಲಿ, ಹೆಗ್ಗಡದೇವನಕೋಟೆಯಾಗಲಿ, ತಮ್ಮ ಊರಿಗೆ ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಯಲ್ಲಿ ಅಥವಾ ಊರಿನ ಆಶಾ ಕಾರ್ಯಕರ್ತೆಯಲ್ಲಿ ಮೊದಲೇ ವಿಚಾರಿಸಿಕೊಂಡು ಹೋಗಬೇಕು. ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತವರು ಹೋಗಿ ಬರಲಿ, ಯಾರ ಅಡ್ಡಿಯೂ ಇಲ್ಲ. ಮಂಗಳವಾರ ಆಸ್ಪತ್ರೆಗೂ ಹೋಗಲಿ.

ಮೈಸೂರಿಗೆ ಹೋಗುವುದಾದರೆ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿಯೂ ಜೆ.ಎಸ್.ಎಸ್. ಆಸ್ಪತ್ರೆಯಲ್ಲಿಯೂ ಮನೋವೈದ್ಯ ವಿಭಾಗಗಳಿವೆ. ಓದಿನಲ್ಲಿ ಹಿಂದುಳಿದ, ಮಾತು ತಡವಾದ ಮಕ್ಕಳಿಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಮನೋವಿಜ್ಞಾನಿಗಳ ಪರೀಕ್ಷೆ ದೊರೆಯುತ್ತದೆ. ಹೆಣ್ಣುಮಕ್ಕಳಿಗೆ 2023ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತವಾಗಿರುವುದು ವಾರವಾರವೂ ಹೋಗಬೇಕಾದ ಚಿಕಿತ್ಸೆಗೆ ಸಣ್ಣ ಅನುಕೂಲವೇನಲ್ಲ. ಖಾಸಗಿಯವರಲ್ಲಿ ಹೋಗುವವರು ಒಂದು ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಲಿ: ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಚಿಕಿತ್ಸಾ ಮನೋವಿಜ್ಞಾನಿಯೆಂದು ತಮ್ಮ ನೋಂದಣಿ ಆಗಿದೆಯೇ? ಆಪ್ತಸಲಹೆಯ ಫಲಕ ಹಾಕಿದವರೆಲ್ಲರೂ ಆ ವಿದ್ಯೆ ಕಲಿತವರಲ್ಲ. ನೋಂದಣಿಯಿಲ್ಲದವರ ರಸೀದಿಗೆ ವಿಮಾ ಕಂಪನಿ ಮಾನ್ಯತೆ ಕೊಡುವ ಭರವಸೆಯೂ ಇಲ್ಲ.

ಪಡಿತರ ಚೀಟಿಯ ಆಧಾರದ ಮೇಲೆ ದೊರೆಯುವ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನದ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯಿದೆ. ಉಳಿದವರಿಗೆ ನಿಗದಿತ ದರದ ಶೇಕಡಾ 30ರಷ್ಟನ್ನು ಸರ್ಕಾರ ಭರಿಸುತ್ತದೆ. ತುರ್ತು ಸಂದರ್ಭದ ಹೊರತು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕಂಡು ದಾಖಲಾಗುವ ಮೊದಲೇ ಕೇಳಿಕೊಳ್ಳುವುದು ಕ್ಷೇಮ.

ಇನ್ನು ನಮ್ಮ ಮನೆಗಳನ್ನು ನಿಜವಾಗಿ ಕಾಡುವ ವಿಷಯ. ಮನೋವೈದ್ಯರ ಚೀಟಿ ಯಾರ ಕಣ್ಣಿಗಾದರೂ ಬಿದ್ದರೆ ತಂಗಿಯ ಸಂಬಂಧ ಕೂಡಿಬರುವುದು ಹೇಗೆ ಎಂಬ ಭಯ. ಈ ಭಯದಿಂದಲೇ ಪಾಲಿಸಿಯ ಅರ್ಜಿಯಲ್ಲಿಯೂ ಕಾಯಿಲೆಯನ್ನು ಮುಚ್ಚಿಡುತ್ತೇವೆ. ‘ಇಲ್ಲ ಎಂದು ಬರೆಯಿರಿ, ನಾನು ನೋಡಿಕೊಳ್ಳುತ್ತೇನೆ’ ಎನ್ನುವ ಏಜೆಂಟರೂ ಇದ್ದಾರೆ. ಕ್ಲೇಮು ತಿರಸ್ಕೃತವಾದ ದಿನ ಆ ಏಜೆಂಟರು ದೂರವಾಣಿ ಎತ್ತುವುದಿಲ್ಲ. ಹಳೆಯ ಚೀಟಿಯೊಂದು ಸಿಕ್ಕರೆ ಸಾಕು, ಮಾಹಿತಿ ಮರೆಮಾಚಿದ ಕಾರಣಕ್ಕೆ ಮನೆಮಂದಿಯ ರಕ್ಷಣೆಯೇ ಬಿದ್ದುಹೋಗಬಹುದು. ನಿಜವನ್ನೇ ಬರೆದರೆ ಆಗುವುದಾದರೂ ಏನು? 2024ರ ನಿಯಮದಂತೆ ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ 36 ತಿಂಗಳು ಕಾಯಬೇಕು. ಪ್ರೀಮಿಯಂ ತಪ್ಪದೆ ಕಟ್ಟಿಕೊಂಡು ಹೋದರೆ ನಾಲ್ಕನೆಯ ವರ್ಷ ಹಕ್ಕು ನಮ್ಮದು. ಮಾನಸಿಕ ಕಾಯಿಲೆ ಇರುವವರಿಗೂ ಪಾಲಿಸಿ ಒದಗಿಸಬೇಕೆಂದು ವಿಮಾ ಪ್ರಾಧಿಕಾರ 2023ರಲ್ಲಿ ಕಂಪನಿಗಳಿಗೆ ಆದೇಶಿಸಿದೆ. ಇನ್ನು ಊರಿಗೆ ಸುದ್ದಿ ಹರಡುವ ಭಯಕ್ಕೆ, ರೋಗಿಯ ವಿವರಗಳನ್ನು ಗುಟ್ಟಾಗಿ ಇಡುವುದು ಚಿಕಿತ್ಸೆ ಕೊಡುವವರ ಕರ್ತವ್ಯವೆಂದು ಮೇಲೆ ಹೇಳಿದ ಕಾಯಿದೆಯೇ ವಿಧಿಸಿದೆ. ಸುದ್ದಿ ಹೊರಬೀಳುವುದು ಹೆಚ್ಚಾಗಿ ಆಸ್ಪತ್ರೆಯಿಂದಲ್ಲ, ನಮ್ಮ ಜಗಲಿಯಿಂದ.

ಮದ್ಯವ್ಯಸನದ ಬಗ್ಗೆ ಒಂದು ಎಚ್ಚರಿಕೆ. ಕಾಯಿದೆಯ ವ್ಯಾಖ್ಯೆಯಲ್ಲಿ ಕುಡಿತಕ್ಕೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಸೇರಿವೆ. ಆದರೂ ವ್ಯಸನದ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ಪಾಲಿಸಿಗಳಲ್ಲಿ ಸಾಮಾನ್ಯ. ಅದಕ್ಕೆ ಸರ್ಕಾರಿ ಆಸ್ಪತ್ರೆ ಅಥವಾ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗವನ್ನೇ ನೆಚ್ಚಬೇಕು.

ಕ್ಲೇಮನ್ನು ಅನ್ಯಾಯವಾಗಿ ತಳ್ಳಿಹಾಕಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಕಂಪನಿಯ ದೂರು ವಿಭಾಗಕ್ಕೆ 21ನೆಯ ಕಲಮನ್ನು ಉಲ್ಲೇಖಿಸಿ ಪತ್ರ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಮನೆಯಲ್ಲಿ ಯಾರಾದರೂ ಸಾಯುವ ಮಾತನಾಡಿದರೆ ಮಾತ್ರ ಪಾಲಿಸಿ, ಮಂಗಳವಾರ ಯಾವುದನ್ನೂ ನೋಡುತ್ತ ಕೂರಬಾರದು. ಅವರನ್ನು ಒಬ್ಬರೇ ಬಿಡದೆ, ಹೊಲದ ಔಷಧಿಯ ಡಬ್ಬಿಗಳನ್ನು ಮನೆಯಿಂದ ಹೊರಗೆ ಸಾಗಿಸಿ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲೂ ರಾತ್ರಿಯೂ, ಉಚಿತವಾಗಿ, ಕನ್ನಡದಲ್ಲಿಯೇ ಅಲ್ಲಿ ಮಾತನಾಡಬಹುದು. ಹೆಸರು ಹೇಳಲೇಬೇಕೆಂದಿಲ್ಲ.