ಶಸ್ತ್ರಕ್ರಿಯೆಯ ನಡುವೆ 20 ನಿಮಿಷ

ದೇಹದಿಂದ ತೆಗೆದ ಗಂಟು ಕ್ಯಾನ್ಸರೋ ಅಲ್ಲವೋ ಎಂಬುದನ್ನು ಸಾಮಾನ್ಯ ಕ್ರಮದಲ್ಲಿ ತಿಳಿಯಲು ಒಂದೆರಡು ದಿನಗಳಾದರೂ ಬೇಕು. ಅಂಗಾಂಶದ ತುಣುಕನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಆಲ್ಕೋಹಾಲಿನಿಂದ ಅದರ ನೀರನ್ನು ತೆಗೆದು, ಮೇಣದಲ್ಲಿ ಹುದುಗಿಸಿದ ಬಳಿಕವೇ ತೆಳುವಾಗಿ ಕೊಯ್ಯಲು ಸಾಧ್ಯ. ರೋಗಿಯು ಅರಿವಳಿಕೆಯಲ್ಲಿ ಮೇಜಿನ ಮೇಲೆ ಮಲಗಿರುವಾಗ ಅಷ್ಟು ಕಾಲ ಕಾಯುವುದೆಂತು? ಈ ಇಕ್ಕಟ್ಟಿನಿಂದ ಹುಟ್ಟಿದ ಉಪಾಯವೇ ‘ಫ್ರೋಜನ್ ಸೆಕ್ಷನ್’. ಅಂದರೆ ಅಂಗಾಂಶವನ್ನು ಮೇಣದ ಬದಲು ಶೈತ್ಯದಿಂದಲೇ ಗಟ್ಟಿಮಾಡಿ ಕೊಯ್ದು ನೋಡುವುದು.

1891ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಡಾ. ವಿಲಿಯಂ ವೆಲ್ಚ್ ಸ್ತನದ ಗಂಟೊಂದನ್ನು ಹೀಗೆ ಪರೀಕ್ಷಿಸಿದರು. ಆದರೆ ಅವರ ಉತ್ತರ ಸಿದ್ಧವಾಗುವ ಮೊದಲೇ ಡಾ. ಹಾಲ್‌ಸ್ಟೆಡ್ ಶಸ್ತ್ರಕ್ರಿಯೆಯನ್ನೇ ಮುಗಿಸಿಬಿಟ್ಟಿದ್ದರು! ವಿಧಾನವನ್ನು ನಿಜವಾಗಿ ಬಳಕೆಗೆ ತಂದವರು ಮೇಯೊ ಚಿಕಿತ್ಸಾಲಯದ ಡಾ. ಲೂಯಿಸ್ ವಿಲ್ಸನ್. 1905ರ ಜನವರಿಯ ಕೊರೆಯುವ ಚಳಿಯಲ್ಲಿ ಅವರು ತುಣುಕನ್ನು ಕಿಟಕಿಯ ಹೊರಗಿಟ್ಟು ಹೆಪ್ಪುಗಟ್ಟಿಸಿ, ಮೆಥಿಲೀನ್ ಬ್ಲೂ ಎಂಬ ಬಣ್ಣ ಹಾಕಿ ನೋಡಿದರು.

ಇಂದು ಆ ಕಿಟಕಿಯ ಕೆಲಸವನ್ನು ಕ್ರಯೋಸ್ಟಾಟ್ ಮಾಡುತ್ತದೆ. ಸೊನ್ನೆಗಿಂತ ಸುಮಾರು 20 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದ ಪೆಟ್ಟಿಗೆ ಅದು; ಒಳಗೊಂದು ಹರಿತವಾದ ಅಲಗು. ಹಸಿ ತುಣುಕಿನ ತೇವವನ್ನು ಮೆಲ್ಲನೆ ಒತ್ತಿ ತೆಗೆದು, ಲೋಹದ ಬಿಲ್ಲೆಯ ಮೇಲೆ ಗಂಜಿಯಂತಹ ದ್ರವದಲ್ಲಿ ಹುದುಗಿಸಿ ಥಟ್ಟನೆ ಹೆಪ್ಪುಗಟ್ಟಿಸುತ್ತಾರೆ. ಈ ‘ಥಟ್ಟನೆ’ ಎಂಬುದರಲ್ಲಿಯೇ ಕೆಲಸದ ಮರ್ಮವಿದೆ. ನಿಧಾನವಾದರೆ ಜೀವಕೋಶಗಳ ನೀರು ದೊಡ್ಡ ಹಿಮದ ಹರಳುಗಳಾಗಿ ಅಂಗಾಂಶವನ್ನು ಸೀಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಕೋಶಗಳಿಗಿಂತ ತೂತುಗಳೇ ಹೆಚ್ಚಾಗಿ ಕಾಣುತ್ತವೆ. ಕೊಬ್ಬಂತೂ ಈ ಶೈತ್ಯಕ್ಕೂ ಸರಿಯಾಗಿ ಗಟ್ಟಿಯಾಗದು. ಮೂಳೆಯನ್ನು ಅಲಗು ಕೊಯ್ಯಲಾರದು.

ಕೊಯ್ದ ಪದರದ ದಪ್ಪ 5 ಮೈಕ್ರಾನ್‌ಗಳ ಆಸುಪಾಸು. ಬರೆಯುವ ಕಾಗದದ ದಪ್ಪದ ಸುಮಾರು 20ನೆಯ ಒಂದು ಪಾಲು. ಕೊಠಡಿಯ ಉಷ್ಣತೆಯಲ್ಲಿರುವ ಗಾಜಿನ ಪಟ್ಟಿಯನ್ನು ಸೋಕಿಸಿದೊಡನೆ ಅದು ತಾನಾಗಿ ಕರಗಿ ಅಂಟಿಕೊಳ್ಳುತ್ತದೆ. ಗಾಳಿಗೆ ಒಣಗುವ ಮುನ್ನ ಆಲ್ಕೋಹಾಲಿನಲ್ಲಿ ಅದ್ದಬೇಕು. ಆಮೇಲೆ ಎರಡು ಬಣ್ಣಗಳು: ಮರದ ತಿರುಳಿನಿಂದ ದೊರೆಯುವ ಹೆಮಟಾಕ್ಸಿಲಿನ್ ಕೋಶಕೇಂದ್ರವನ್ನು ನೀಲಿಯಾಗಿಸುತ್ತದೆ, ಇಯೋಸಿನ್ ಉಳಿದುದನ್ನು ಗುಲಾಬಿಯಾಗಿಸುತ್ತದೆ. ರೋಗಶಾಸ್ತ್ರಜ್ಞರ ಮಾತು ಶಸ್ತ್ರಕ್ರಿಯಾಗಾರವನ್ನು ಮುಟ್ಟಲು ಒಟ್ಟು ಸುಮಾರು 20 ನಿಮಿಷ.

ಈ ವೇಗಕ್ಕೆ ಒಂದು ಕಾಲದಲ್ಲಿ ಸ್ತ್ರೀಯರು ಬೆಲೆ ತೆತ್ತರು. ಗಂಟಿನ ಪರೀಕ್ಷೆಗೆಂದು ಅರಿವಳಿಕೆ ಪಡೆದವಳು ಎಚ್ಚರವಾದಾಗ ಸ್ತನವೇ ಇಲ್ಲದಿರಬಹುದಿತ್ತು. 1974ರಲ್ಲಿ ಅಮೆರಿಕದ ಪತ್ರಕರ್ತೆ ರೋಸ್ ಕುಷ್ನರ್ ತಮಗೆ ಗಂಟು ಕಂಡಾಗ, ಮೊದಲು ಪರೀಕ್ಷೆ, ಎಚ್ಚೆತ್ತು ಯೋಚಿಸಿದ ಮೇಲೆ ಚಿಕಿತ್ಸೆ ಎಂದು ಹಟ ಹಿಡಿದರು. ಒಪ್ಪುವ ವೈದ್ಯರನ್ನು ಹುಡುಕುವುದೇ ಕಷ್ಟವಾಯಿತು. 1979ರಲ್ಲಿ ಅವರೂ ಸದಸ್ಯೆಯಾಗಿದ್ದ ತಜ್ಞರ ಮಂಡಳಿಯು ಎರಡು ಹಂತಗಳ ಕ್ರಮವನ್ನೇ ಶಿಫಾರಸು ಮಾಡಿತು. ಈಗ ಸೂಜಿಯಿಂದ ತುಣುಕು ತೆಗೆದು ಸ್ತನದ ರೋಗವನ್ನು ಮೊದಲೇ ನಿರ್ಧರಿಸುವುದು ವಾಡಿಕೆ. ಫ್ರೋಜನ್ ಸೆಕ್ಷನ್ ಉಳಿದಿರುವುದು ಬೇರೆ ಪ್ರಶ್ನೆಗಳಿಗೆ: ತೆಗೆದ ಭಾಗದ ಅಂಚಿನಲ್ಲಿ ರೋಗ ಉಳಿದಿದೆಯೇ, ಕಂಕುಳಿನ ದುಗ್ಧಗ್ರಂಥಿಗೆ ಹಬ್ಬಿದೆಯೇ, ಅಂಡಾಶಯದ ಗಡ್ಡೆ ಎಂತಹದು?

ಹೊರಗೆ ಕಾಯುವ ಬಂಧುಗಳು ಈ ಉತ್ತರವನ್ನೇ ಕಡೆಯ ವರದಿಯೆಂದು ಭಾವಿಸಿ ಊರಿಗೆಲ್ಲ ಫೋನು ಮಾಡುವುದುಂಟು. ಚೆಕ್ಕನ್ನು ಖಾತೆಗೆ ಕಟ್ಟಿದ ಚೀಟಿಗೂ ಹಣ ಜಮೆಯಾದುದಕ್ಕೂ ಅಂತರವಿಲ್ಲವೇ? ಉಳಿದ ಅಂಗಾಂಶವೆಲ್ಲ ಮೇಣದ ಹಾದಿಯಲ್ಲಿಯೇ ಸಾಗಿ ದಿನಗಳ ಮೇಲೆ ಬರುವ ವರದಿಯೇ ಅಂತಿಮ. ಕೆಲವೊಮ್ಮೆ ಅದು ಮೊದಲ ಮಾತನ್ನು ಬದಲಿಸುತ್ತದೆ.

ಊರಿನಿಂದ ಬಂದ ಅಕ್ಕನಿಗೋ ಅತ್ತೆಗೋ ಇಂಗ್ಲಿಷಿನ ಒಪ್ಪಿಗೆ ಪತ್ರವನ್ನು ಓದಿ ಹೇಳುವ ಹೊಣೆ ಸಾಮಾನ್ಯವಾಗಿ ನಗರವಾಸಿ ಬಂಧುವಿನದು. ಅದರಲ್ಲಿ ಫ್ರೋಜನ್ ಸೆಕ್ಷನ್ ಎಂಬ ಪದ ಕಂಡರೆ ಸಹಿಗೆ ಮೊದಲು ವೈದ್ಯರನ್ನು ಕೇಳಬೇಕು: ರೋಗವಿದೆಯೆಂದರೆ ಏನನ್ನು ತೆಗೆಯುವಿರಿ? ಸ್ಪಷ್ಟವಾಗಿ ಹೇಳಲಾಗದಿದ್ದರೆ ಅಷ್ಟಕ್ಕೇ ನಿಲ್ಲಿಸುವಿರಾ?