ಹಡಗು ನಿಂತ ಎಂಟು ಗಂಟೆ: ಮಂಗಳೂರಿನ ದಂಡೆ, ವಿಜಯಪುರದ ಲೆಕ್ಕ

ವ್ಯಾಪಾರಸ್ಥರಾದ ನಾವು ದಸ್ತಾನನ್ನು ಕ್ವಿಂಟಲಿನಲ್ಲಿ ಅಳೆಯುತ್ತೇವೆ, ಬಾಕಿಯನ್ನು ರೂಪಾಯಿಗಳಲ್ಲಿ ಎಣಿಸುತ್ತೇವೆ. ಆದರೆ ಗಂಟೆಗಳಲ್ಲಿ ಎಣಿಸಬೇಕಾದ ಒಂದು ಸರಕೂ ಉಂಟು. ಅದೇ ಊರಿಗೆ ಬಂದ ಪ್ರವಾಸಿಯ ಸಮಯ. ಸಂಜೆಯಾದೊಡನೆ ಇದು ಕೆಟ್ಟುಹೋಗುತ್ತದೆ, ಮರುದಿನಕ್ಕೆ ಉಳಿಯುವುದಿಲ್ಲ. ಈ ಸರಕಿನ ವಹಿವಾಟನ್ನು ನೋಡಬೇಕಾದರೆ ಬಂದರಿಗೆ ಹೋಗಬೇಕು.

ಕೆಲವು ವರ್ಷಗಳ ಹಿಂದೆ ವೃತ್ತಿಯ ಕೆಲಸದ ನಿಮಿತ್ತ ಮಂಗಳೂರಿಗೆ ಹೋಗಿದ್ದೆ. ಜೊತೆಯಲ್ಲಿ ಸಾರವಾಡದ ನನ್ನ ಹಳೆಯ ಕಕ್ಷಿದಾರರೊಬ್ಬರಿದ್ದರು, ಒಣದ್ರಾಕ್ಷಿಯ ವ್ಯಾಪಾರಿ. ಅಂದು ಬೆಳಿಗ್ಗೆ ಪಣಂಬೂರಿಗೆ ವಿಹಾರ ನೌಕೆಯೊಂದು ಬಂದಿತ್ತು. ಕದ್ರಿ ದೇವಸ್ಥಾನದ ಎದುರು ಬಸ್ಸುಗಳಿಂದ ಇಳಿಯುತ್ತಿದ್ದ ವಿದೇಶೀಯರನ್ನು ಕಂಡು ಅವರು ಕೇಳಿದರು: "ಇವರು ಕೊಳ್ಳಾಕ ಬಂದಾರೋ, ಬರೇ ನೋಡಾಕ ಬಂದಾರೋ, ಸಾಹೇಬ್ರ?" ಆಗ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ದಂಡೆಯ ಮೇಲಿನ ನೋಟ

ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು. 1975ರ ಜನವರಿಯಲ್ಲಿ ವಿಧಿವತ್ತಾಗಿ ಉದ್ಘಾಟನೆಗೊಂಡಿತು. ಕುದುರೆಮುಖದ ಅದಿರು, ಕಚ್ಚಾತೈಲ, ಕಲ್ಲಿದ್ದಲುಗಳಿಗಾಗಿ ಹೆಸರಾದ ಈ ಬಂದರಿಗೆ ಮಳೆಗಾಲ ಮುಗಿದ ಮೇಲೆ, ಬೇಸಿಗೆಯ ತನಕ, ವಿಹಾರ ನೌಕೆಗಳೂ ಬರುತ್ತವೆ. ಇ-ವೀಸಾದ ಮೇಲೆ ದೇಶದೊಳಗೆ ಬರಲು ಅವಕಾಶವಿತ್ತ ಮೊದಲ ಐದು ಬಂದರುಗಳಲ್ಲಿ ಮಂಗಳೂರೂ ಒಂದು. 2020ರಲ್ಲಿ ಕೋವಿಡ್ ಕಾರಣದಿಂದ ಈ ಸಂಚಾರ ನಿಂತುಹೋಗಿ, 2022ರ ಕೊನೆಯಲ್ಲಿ ಮತ್ತೆ ಆರಂಭವಾಯಿತು.

ಬಂದರಿನಿಂದ ನಗರಕ್ಕೆ ಸುಮಾರು 10 ಕಿ.ಮೀ. ದೂರ. ಅಷ್ಟು ಸಮೀಪದಲ್ಲಿಯೇ ನೋಡತಕ್ಕ ಸ್ಥಳಗಳು ಬಹಳ. ಕುದ್ರೋಳಿಯ ಗೋಕರ್ಣನಾಥೇಶ್ವರ ಕ್ಷೇತ್ರದಲ್ಲಿ ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ನೆರವೇರಿಸಿದರು. ಕದ್ರಿಯ ಮಂಜುನಾಥ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹ ಆಳುಪ ಅರಸ ಕುಂದವರ್ಮನ ಕಾಲದ್ದು. ಪೀಠದ ಶಾಸನದ ಪ್ರಕಾರ ಕ್ರಿ.ಶ. 968ರದು. ಸಂತ ಅಲೋಶಿಯಸ್ ಚಾಪೆಲ್ಲಿನ ಗೋಡೆ ಮತ್ತು ಮಾಳಿಗೆಗಳ ಮೇಲೆ ಇಟಲಿಯ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಬರೆದ ಚಿತ್ರಗಳಿವೆ. ಸ್ವಲ್ಪ ದೂರ ಹೋಗಲು ಸಿದ್ಧರಿರುವವರನ್ನು ಸುಮಾರು 35 ಕಿ.ಮೀ. ದೂರದ ಮೂಡುಬಿದಿರೆಗೆ, 1430ರ ಸಾವಿರ ಕಂಬದ ಬಸದಿಗೆ ಕರೆದೊಯ್ಯುತ್ತಾರೆ.

ಇವೆಲ್ಲ ಪುರಾತನ ವೈಭವಗಳಾದವು. ಆದರೆ ನನ್ನ ಗಮನ ಸೆಳೆದದ್ದು ಪ್ರವಾಸಪಟ್ಟಿಯಲ್ಲಿದ್ದ ಇನ್ನೊಂದು ಸ್ಥಳ, ಗೇರುಬೀಜದ ಕಾರ್ಖಾನೆ. ಹಸಿಬೀಜವನ್ನು ಹಬೆಯಲ್ಲಿ ಬೇಯಿಸುವುದು, ಸಿಪ್ಪೆ ಒಡೆಯುವುದು, ಒಣಗಿಸಿ ಒಳಪೊರೆ ಸುಲಿಯುವುದು, ಕೊನೆಗೆ ದರ್ಜೆ ವಿಂಗಡಿಸುವುದು – ಪ್ರವಾಸಿಗರು ಇದನ್ನೆಲ್ಲ ನಿಂತು ನೋಡುತ್ತಾರೆ. ಡಬ್ಲ್ಯು-320 ಎಂಬ ದರ್ಜೆಯೆಂದರೆ ಒಂದು ಪೌಂಡಿಗೆ 300ರಿಂದ 320 ಇಡೀ ತಿರುಳುಗಳು. ಸಂಖ್ಯೆ ಇಳಿದಂತೆ ತಿರುಳು ದೊಡ್ಡದು, ಬೆಲೆ ಹೆಚ್ಚು. ಈ ಸರಳ ಗಣಿತವನ್ನು ಕೇಳಿದ ಮೇಲೆ ಅವರು ಕೊಳ್ಳುವ ಪೊಟ್ಟಣಕ್ಕೆ ಒಂದು ಅರ್ಥ ಬರುತ್ತದೆ. ದಿನನಿತ್ಯದ ದುಡಿಮೆಯೇ ಅಲ್ಲಿ ಪ್ರೇಕ್ಷಣೀಯ ಸ್ಥಳವಾಗಿದೆ. ಅದಕ್ಕಾಗಿ ಯಾರೂ ಹೊಸ ಕಟ್ಟಡ ಕಟ್ಟಲಿಲ್ಲ.

ಗಂಟೆಗಳ ಜಮಾ-ಖರ್ಚು

ಈಗ ಲೆಕ್ಕಕ್ಕೆ ಬರೋಣ. ಉದಾಹರಣೆಗೆ, ಹಡಗು ಬೆಳಿಗ್ಗೆ 8 ಗಂಟೆಗೆ ದಂಡೆಗೆ ಬಂದು ಸಂಜೆ 5ಕ್ಕೆ ಹೊರಡುವುದೆಂದು ಇಟ್ಟುಕೊಳ್ಳಿ. ಹೊರಡುವ ಮೊದಲಿನ ಒಂದು ಗಂಟೆಯೊಳಗೆ ಎಲ್ಲರೂ ಹಡಗು ಸೇರಿರಬೇಕು. ಜಮೆಯಾದದ್ದು ಎಂಟು ಗಂಟೆ. ಇಳಿಯುವಾಗಿನ ತಪಾಸಣೆ ಮತ್ತು ಬಸ್ಸು ಹತ್ತುವುದಕ್ಕೆ ಒಂದು ಗಂಟೆ; ಬಸ್ಸಿನ ಪ್ರಯಾಣಕ್ಕೆ ಎರಡು ಗಂಟೆ; ಊಟಕ್ಕೆ ಒಂದು ಗಂಟೆ. ಉಳಿದದ್ದು ನಾಲ್ಕು ಗಂಟೆ. ಅದರಲ್ಲಿ ಮಾರ್ಗದರ್ಶಕನ ವಿವರಣೆಗೆ ಮೂರು ಗಂಟೆ ಹೋದರೆ ಪೇಟೆಯ ಪಾಲಿಗೆ ಉಳಿಯುವುದು ಒಂದೇ ಗಂಟೆ. ಇಡೀ ಊರಿನ ವ್ಯಾಪಾರ ಆ ಒಂದು ಗಂಟೆಯೊಳಗೆ ನಡೆಯಬೇಕು.

ಆ ಗಂಟೆಯನ್ನು ನಿರ್ಧರಿಸುವವರು ಯಾರು? ದಂಡೆಯ ಮೇಲಿನ ಪ್ರವಾಸವನ್ನು ಬಹುಪಾಲು ಹಡಗಿನ ಕಂಪನಿಯೇ ಮುಂಗಡವಾಗಿ ಮಾರಿರುತ್ತದೆ. ಹಣ ಹಡಗಿನ ಮೇಲೆಯೇ ಪಾವತಿಯಾಗುತ್ತದೆ. ಕಂಪನಿಯ ಪಾಲು ಕಳೆದು ಉಳಿದದ್ದು ಸ್ಥಳೀಯ ಪ್ರವಾಸ ಸಂಸ್ಥೆಗೆ ಬರುತ್ತದೆ. ಬಸ್ಸು ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದು ತಿಂಗಳುಗಳ ಮೊದಲೇ ಕಾಗದದ ಮೇಲೆ ನಿಶ್ಚಯವಾಗಿರುತ್ತದೆ. ಪಟ್ಟಿಯಲ್ಲಿ ಇಲ್ಲದ ಅಂಗಡಿಯವನು ಬಾಗಿಲಲ್ಲಿ ನಿಂತು ಎಷ್ಟು ಕೂಗಿದರೂ ಫಲವಿಲ್ಲ.

ಕೆರಿಬಿಯನ್ನಿನ ಎಚ್ಚರಿಕೆ

ವಿಹಾರ ನೌಕೆಗಳ ತವರೆಂದರೆ ಕೆರಿಬಿಯನ್ ಸಮುದ್ರ. ಅಲ್ಲಿನ ಸೇಂಟ್ ಥಾಮಸ್ ದ್ವೀಪದ ಷಾರ್ಲೆಟ್ ಅಮಾಲಿ ಪಟ್ಟಣದ ಮುಖ್ಯ ಬೀದಿಯ ಉದ್ದಕ್ಕೂ ಚಿನ್ನಾಭರಣ, ಕೈಗಡಿಯಾರಗಳ ಸುಂಕರಹಿತ ಅಂಗಡಿಗಳು. ಅಲ್ಲಿಂದ ಊರಿಗೆ ಮರಳುವ ಅಮೆರಿಕದ ಪ್ರವಾಸಿಗೆ 1,600 ಡಾಲರ್‌ವರೆಗಿನ ಖರೀದಿಗೆ ಸುಂಕ ವಿನಾಯಿತಿ ಇರುವುದು ಈ ಪೇಟೆಯ ಬಲ. ಬಹಾಮಾಸ್‌ನ ನಸಾವಿನಲ್ಲಿ ಹುಲ್ಲು, ಗರಿಗಳಿಂದ ಹೆಣೆದ ಬುಟ್ಟಿ-ಟೋಪಿಗಳ ಸಂತೆಯೇ ಪ್ರಸಿದ್ಧವಾಗಿದೆ.

ಆದರೆ ಅದೇ ಸಮುದ್ರದಲ್ಲಿ ಇನ್ನೊಂದು ಕಥೆಯೂ ಇದೆ. ಜಮೈಕಾದ ಫಾಲ್ಮತ್‌ನಲ್ಲಿ 2011ರಲ್ಲಿ ಹಡಗು ಕಂಪನಿಯ ಸಹಭಾಗಿತ್ವದಲ್ಲಿ ಹೊಸ ಬಂದರು ತೆರೆಯಿತು. ಅಂಗಡಿಗಳೂ ಉಪಾಹಾರಗೃಹಗಳೂ ಬಂದರಿನ ಬೇಲಿಯ ಒಳಗೇ ಇದ್ದುದರಿಂದ, ಪ್ರವಾಸಿಗರು ಊರೊಳಗೆ ಬರುವುದೇ ಇಲ್ಲವೆಂದು ಹೊರಗಿನ ವ್ಯಾಪಾರಿಗಳು ದೂರತೊಡಗಿದರು. ಇನ್ನು ಕೆಲವು ಕಂಪನಿಗಳು ಒಂದು ಹೆಜ್ಜೆ ಮುಂದೆ ಹೋಗಿ, ತಮ್ಮದೇ ಖಾಸಗಿ ದ್ವೀಪಗಳಲ್ಲಿ ಹಡಗನ್ನು ನಿಲ್ಲಿಸುತ್ತವೆ. ಅಲ್ಲಿ ಮರಳೂ ಅವರದೇ, ಮಾರಾಟವೂ ಅವರದೇ. ಪ್ರವಾಸಿಗಳ ಸಂಖ್ಯೆ ಹೆಚ್ಚಿದರೆ ಊರಿನ ಆದಾಯ ತಾನಾಗಿ ಹೆಚ್ಚುತ್ತದೆಂಬ ನಮ್ಮ ನಂಬಿಕೆ ಎಷ್ಟು ಸಡಿಲವೆಂಬುದನ್ನು ಇದು ತೋರಿಸುತ್ತದೆ.

ನಮಗೂ ಹಡಗು ಬರುತ್ತದೆ

ಸಮುದ್ರವೇ ಇಲ್ಲದ ವಿಜಯಪುರಕ್ಕೆ ಈ ವಿಚಾರವೇಕೆ ಎಂದು ಓದುಗರು ಕೇಳಬಹುದು. ನಮ್ಮಲ್ಲಿಗೆ ಬರುವ ಹಡಗಿಗೆ ಚಕ್ರಗಳಿವೆ, ಅಷ್ಟೇ ವ್ಯತ್ಯಾಸ. ಡೆಕ್ಕನ್ ಒಡಿಸ್ಸಿ ಐಷಾರಾಮಿ ರೈಲಿನ ದಖ್ಖನ್ ಪ್ರವಾಸದ ಪಟ್ಟಿಯಲ್ಲಿ ನಮ್ಮೂರಿನ ಹೆಸರಿತ್ತು. ಹಂಪಿಗೋ ಬಾದಾಮಿಗೋ ಹೋಗುವ ಬಸ್ಸುಗಳೂ ಅರ್ಧ ದಿನ ಇಲ್ಲಿ ನಿಲ್ಲುತ್ತವೆ. 1656ರ ಗೋಲಗುಮ್ಮಟ, ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ್ ತೋಪು, ಮತ್ತೆ ಬಸ್ಸು. ಪ್ರವೇಶ ಟಿಕೆಟಿನ ಹಣ ಪುರಾತತ್ವ ಇಲಾಖೆಗೆ, ರಾತ್ರಿಯ ವಸತಿಯ ಹಣ ಬೇರೆ ಊರಿಗೆ. ನಮ್ಮ ಪಾಲಿಗೆ ಎಳನೀರು, ಚಹಾ.

ಅತ್ತ ವಿಜಯಪುರದಿಂದ ಅರ್ಧ ಗಂಟೆಯ ದಾರಿಯಲ್ಲಿ ಸಾರವಾಡ, ಬಬಲೇಶ್ವರ, ತಿಕೋಟಾಗಳ ಸುತ್ತ ದ್ರಾಕ್ಷಿ ಒಣಗಿಸುವ ಶೆಡ್ಡುಗಳಿವೆ. ಗೊಂಚಲುಗಳನ್ನು ದ್ರಾವಣದಲ್ಲಿ ಅದ್ದಿ, ನೆರಳಿನ ಜಾಲರಿಗಳ ಮೇಲೆ ಹರಡಿ, ಎರಡು ವಾರಗಳ ಕಾಲ ಗಾಳಿಗೆ ಒಣಗಿಸುತ್ತಾರೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಈ ಕೆಲಸ ಭರದಿಂದ ನಡೆಯುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಪ್ರವಾಸಿಗರ ಋತುವಿನ ಕೊನೆಯ ಭಾಗವೂ ಅದೇ. ಮಂಗಳೂರಿನ ಗೇರುಬೀಜದ ಕಾರ್ಖಾನೆಗಿಂತ ಇದು ಯಾವುದರಲ್ಲಿ ಕಡಿಮೆ?

ಏನು ಮಾಡಬಹುದು

ಮೊದಲನೆಯದು, ಪೊಟ್ಟಣ. ನಮ್ಮ ಒಣದ್ರಾಕ್ಷಿ 15 ಕಿಲೋ ಪೆಟ್ಟಿಗೆಗಳಲ್ಲಿ ಸಗಟು ಪೇಟೆಗೆ ಹೋಗುತ್ತದೆ. ಪ್ರವಾಸಿಗೆ ಬೇಕಾದದ್ದು ಕಾಲು ಕಿಲೋ. ಅದರ ಮೇಲೆ ಊರಿನ ಹೆಸರು, ತೂಕ, ತಯಾರಿಕೆಯ ದಿನಾಂಕ, ಆಹಾರ ಸುರಕ್ಷತೆಯ ಪರವಾನಗಿ ಸಂಖ್ಯೆ ಇರಬೇಕು.

ಎರಡನೆಯದು, ವೇಳಾಪಟ್ಟಿ. ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯ ಸೊಗಸು ಬೆಳಗಿನ ಮೊದಲ ಹೊತ್ತಿನಲ್ಲಿ ಮಾತ್ರ. ಶಾಲಾ ಮಕ್ಕಳ ಪ್ರವಾಸಗಳು ಬಂದ ಮೇಲೆ ಅಲ್ಲಿ ಕೂಗಾಟವಲ್ಲದೆ ಬೇರೇನೂ ಕೇಳದು. ಬೆಳಿಗ್ಗೆ ಗುಮ್ಮಟ, ನಂತರ ಟಾಂಗಾದಲ್ಲಿ ಹಳೆಯ ಪೇಟೆ, ಜೋಳದ ರೊಟ್ಟಿಯ ಊಟ, ಮಧ್ಯಾಹ್ನ ದ್ರಾಕ್ಷಿ ಶೆಡ್ಡು, ಸಂಜೆ ಇಬ್ರಾಹಿಂ ರೋಜಾ ಎಂಬ ಕ್ರಮ ಕಾಗದದ ಮೇಲೆ ಬಂದರೆ ಅರ್ಧ ದಿನ ಪೂರ್ಣ ದಿನವಾಗುತ್ತದೆ.

ಮೂರನೆಯದು, ಪಾರದರ್ಶಕ ದರ. ಟಾಂಗಾದ ದರ, ಮಾರ್ಗದರ್ಶಕನ ದರ ಫಲಕದ ಮೇಲಿರಬೇಕು. ಗ್ರಾಹಕನನ್ನು ಕರೆತಂದವನಿಗೆ ಕೊಡುವ ಕಮಿಷನ್ ಕೂಡ ಖಾತೆಯಲ್ಲಿ ಬರೆಯುವಂತಹುದಾಗಿರಬೇಕು; ಬರೆಯಲು ಸಂಕೋಚವಾಗುವ ಖರ್ಚನ್ನು ಕೊನೆಗೆ ಭರಿಸುವವನು ಗ್ರಾಹಕನೇ.

ನಾಲ್ಕನೆಯದು, ತೆರಿಗೆಯ ವಿಷಯ. ವಿದೇಶೀ ಪ್ರವಾಸಿ ಕೊಂಡೊಯ್ಯುವ ಸರಕಿನ ಮೇಲಿನ ತೆರಿಗೆಯನ್ನು ಮರಳಿಸಲು 2017ರ ಸಮಗ್ರ ಜಿಎಸ್‌ಟಿ ಕಾಯ್ದೆಯ 15ನೇ ಕಲಮಿನಲ್ಲಿ ಅವಕಾಶ ಬರೆಯಲಾಯಿತು. ಆದರೆ ವರ್ಷಗಳು ಉರುಳಿದರೂ ಅದು ಕಾಗದದಲ್ಲಿಯೇ ಉಳಿಯಿತು. ಇಂತಹ ಬೇಡಿಕೆಗಳನ್ನು ಒಬ್ಬ ಅಂಗಡಿಕಾರ ಮಂಡಿಸಲಾರ. ವಾಣಿಜ್ಯ ಸಂಸ್ಥೆಗಳೇ ಮಂಡಿಸಬೇಕು.

ಇವುಗಳಲ್ಲಿ ಎರಡನೆಯದಕ್ಕೆ ಬಂಡವಾಳವೇ ಬೇಡ. ಬರುವ ಋತುವಿಗೆ ಮೊದಲು ನಮ್ಮ ಸದಸ್ಯರು ಒಮ್ಮೆ ಕುಳಿತು, ಒಂದು ಪುಟದ ವೇಳಾಪಟ್ಟಿ ಸಿದ್ಧಪಡಿಸಿ, ರೈಲು ಮತ್ತು ಬಸ್ ಪ್ರವಾಸ ನಡೆಸುವ ಸಂಸ್ಥೆಗಳಿಗೆ ಕಳುಹಿಸಬೇಕೆಂದು ಈ ಮೂಲಕ ವಿನಂತಿಸುತ್ತೇನೆ.

ಸಾರವಾಡದ ನನ್ನ ಕಕ್ಷಿದಾರರು ಆ ಪ್ರಶ್ನೆಯನ್ನು ಮರೆತಿಲ್ಲ. ಅವರಿಗೆ ನನ್ನ ಉತ್ತರ ಇಷ್ಟೇ: ಬಂದವರೆಲ್ಲ ನೋಡಲೆಂದೇ ಬಂದವರು. ನಮ್ಮ ಕೆಲಸವನ್ನು ಅವರಿಗೆ ತೋರಿಸಿದರೆ, ಕೊಳ್ಳುವ ಮಾತು ಆಮೇಲೆ ಬರುತ್ತದೆ. ಕಳೆದ ಹಂಗಾಮಿನಲ್ಲಿ ಅವರು ಕಾಲು ಕಿಲೋ ಪೊಟ್ಟಣಗಳನ್ನು ಮಾಡಿಸಿದ್ದಾರೆ. ಶೆಡ್ಡಿನ ಮುಂದೆ ಬಸ್ಸು ನಿಲ್ಲಲು ಜಾಗವನ್ನೂ ಹಸನು ಮಾಡಿಸಿ ಇಟ್ಟಿದ್ದಾರೆ. ಬಸ್ಸು ಅಲ್ಲಿಗೆ ಬರುವಂತೆ ಮಾಡುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಅದು ನಾವೆಲ್ಲ ಸೇರಿ ಮಾಡಬೇಕಾದದ್ದು.